ಮೇಕೆ ತಿಂದ ಮೂರು ಚಿತ್ರಗಳು

ನಾನು ಚಿಕ್ಕವಳಿದ್ದಾಗ ಶಿರಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನೂರಾರು ಜಿಂಕೆಮರಿಗಳಿದ್ದವು. ಅವುಗಳಿಗೆ ಮೇವು ಹಾಕಬೇಕಾಗಿರಲಿಲ್ಲ, ನೀರು ಇಡಬೇಕಾಗಿರಲಿಲ್ಲ. ಎಲ್ಲವೂ ಕಾಗದದ ಮೇಲಿನ ಮರಿಗಳು. ಒಂದು ಸುಮ್ಮನೆ ನಿಂತಿತ್ತು, ಇನ್ನೊಂದು ಮುಂಗಾಲು ಎತ್ತಿತ್ತು, ಮತ್ತೊಂದರ ಕಾಲು ಅದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಿಂದ ಒಂದು ನಂಬರು ಬರೆದಿತ್ತು. ಇವೆಲ್ಲ ಬೇರೆಬೇರೆ ಮರಿಗಳಲ್ಲ, ಒಂದೇ ಮರಿ ಎಂದು ತಿಳಿಯಲು ನನಗೆ ಒಂದು ವಾರವೇ ಬೇಕಾಯಿತು. ಆಗ ನನಗೆ ಎಂಟು ವರ್ಷ.

ನಮ್ಮ ಅಪ್ಪನನ್ನು ನಾವು ಅಬ್ಬಾ ಎನ್ನುತ್ತಿದ್ದೆವು. ಅಬ್ಬಾ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಲಾರಿಗಳ ಹಿಂಬದಿಗೆ ನವಿಲು, ಜಿಂಕೆ, ಕಮಲ ಬರೆಯುತ್ತಿದ್ದರು. ಅವರ ಕುಂಚದ ಗೀಟು ನಡುಗಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಬಣ್ಣದ ಡಬ್ಬಗಳ ವಾಸನೆ, ಸೀಮೆಎಣ್ಣೆ ವಾಸನೆ, ಅಮ್ಮಿ ಅಡುಗೆಮನೆಯಲ್ಲಿ ಹುರಿಯುತ್ತಿದ್ದ ಕಡಲೆಕಾಯಿಯ ವಾಸನೆ, ಇವು ಮೂರೂ ಸೇರಿದರೆ ಅದೇ ನಮ್ಮ ಮನೆ. ನನಗೊಬ್ಬಳು ಅಕ್ಕ ಇದ್ದಳು. ಅವಳನ್ನು ಆಪಾ ಎನ್ನುತ್ತಿದ್ದೆ. ಅವಳಿಗೆ ಹದಿನಾರು ವರ್ಷ. ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಅಬ್ಬಾ ಅಕ್ಷರಗಳ ಅಂಚು ಬರೆದುಕೊಟ್ಟರೆ ಅವಳು ಒಳಗೆ ಬಣ್ಣ ತುಂಬುತ್ತಿದ್ದಳು. ಗೀಟು ಎಳೆಯುವ ಕೆಲಸ ಮಾತ್ರ ಅಬ್ಬಾ ಅವಳಿಗೆ ಎಂದೂ ಕೊಟ್ಟಿರಲಿಲ್ಲ.

ಜಿಂಕೆಮರಿಗಳನ್ನು ತಂದವರು ಒಬ್ಬ ಮೇಷ್ಟ್ರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಉದ್ದ ಜುಬ್ಬ, ದಪ್ಪ ಕನ್ನಡಕ ನೋಡಿ ನಾವೇ ಇಟ್ಟ ಹೆಸರು ಅದು. ಹುಟ್ಟಿದ್ದು ಮಧುಗಿರಿ ಕಡೆ, ಇದ್ದದ್ದು ಬೆಂಗಳೂರಿನಲ್ಲಿ. ಮಕ್ಕಳಿಗಾಗಿ ಹತ್ತು ನಿಮಿಷದ ಒಂದು ಸಿನಿಮಾ ಮಾಡಲು ಹೊರಟಿದ್ದರು. ಅದರಲ್ಲಿ ನಟರಿಲ್ಲ, ಎಲ್ಲವೂ ಕೈಯಲ್ಲಿ ಬರೆದ ಚಿತ್ರ. ದಾರಿಯಲ್ಲಿ ಯಾವುದೋ ಲಾರಿಯ ಹಿಂದೆ ಅಬ್ಬಾ ಬರೆದ ಜಿಂಕೆಯನ್ನು ನೋಡಿ, ಅದರ ಕೆಳಗಿದ್ದ ಹೆಸರು ಹಿಡಿದುಕೊಂಡು ವಿಚಾರಿಸುತ್ತ ನಮ್ಮ ಬೀದಿಗೆ ಬಂದಿದ್ದರು.

ಸಿನಿಮಾದ ಕತೆ ಬಹಳ ಸಣ್ಣದು. ಮಧುಗಿರಿ ಆಚೆಯ ಮೈದಾನದಲ್ಲಿ ಒಂದು ಜಿಂಕೆಮರಿ ಹಿಂಡಿನಿಂದ ತಪ್ಪಿಸಿಕೊಳ್ಳುತ್ತದೆ. ನೆಲದ ಮೇಲೆ ಓಡುತ್ತಿರುವ ಮೋಡದ ನೆರಳನ್ನು ತನ್ನ ತಾಯಿ ಎಂದುಕೊಂಡು ಅದರ ಬೆನ್ನು ಹತ್ತುತ್ತದೆ. ನೆರಳು ಹೊಲ ದಾಟುತ್ತದೆ, ಹಳ್ಳ ದಾಟುತ್ತದೆ, ಮಧುಗಿರಿಯ ಕಲ್ಲುಬೆಟ್ಟ ಹತ್ತಿ ಹೋಗಿಬಿಡುತ್ತದೆ. ಬೆಟ್ಟ ಹತ್ತಲಾರದ ಮರಿ ಬುಡದಲ್ಲೇ ನಿಲ್ಲುತ್ತದೆ. ಆಗ ಹಿಂದಿನಿಂದ ನಿಜವಾದ ತಾಯಿ ಬರುತ್ತದೆ. ಅಷ್ಟೇ ಕತೆ. ಆದರೆ ಮರಿ ಒಂದು ಸೆಕೆಂಡು ಓಡಬೇಕಾದರೆ ಹನ್ನೆರಡು ಚಿತ್ರ ಬೇಕು ಎಂದು ಮೇಷ್ಟ್ರು ಹೇಳಿದಾಗ ಅಮ್ಮಿ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಬೆಂಗಳೂರಿನಲ್ಲಿ ಮೇಷ್ಟ್ರು ಮತ್ತು ಅವರ ಇಬ್ಬರು ಸ್ನೇಹಿತರು ಪೆನ್ಸಿಲಿನಲ್ಲಿ ಚಿತ್ರ ಬರೆದು ಕಳಿಸುತ್ತಿದ್ದರು. ಅಬ್ಬಾ ಆ ಕಾಗದದ ಮೇಲೆ ಗಾಜಿನಂತೆ ಆರಪಾರ ಕಾಣುವ ಒಂದು ತೆಳು ಹಾಳೆ ಇಟ್ಟು, ಕಪ್ಪು ಶಾಯಿಯಲ್ಲಿ ಅದನ್ನೇ ತಿದ್ದುತ್ತಿದ್ದರು. ಆಪಾ ಆ ಹಾಳೆಯನ್ನು ಮಗುಚಿ ಹಿಂಬದಿಯಿಂದ ಬಣ್ಣ ತುಂಬುತ್ತಿದ್ದಳು. ಹಾಗೆ ಮಾಡಿದರೆ ಮುಂದಿನಿಂದ ನೋಡುವಾಗ ಗೀಟು ಅಳಿಸುವುದಿಲ್ಲ, ಬಣ್ಣ ನಯವಾಗಿ ಕಾಣುತ್ತದೆ. ಬೆರಳಿನ ಜಿಡ್ಡು ತಾಗಬಾರದೆಂದು ಅವಳು ಬಿಳಿ ಬಟ್ಟೆಯ ಕೈಗವಸು ಹಾಕಿಕೊಳ್ಳುತ್ತಿದ್ದಳು. ಕುಂಚ ಹಿಡಿಯಲು ಅದರ ಎರಡು ಬೆರಳು, ಒಂದು ಹೆಬ್ಬೆರಳಿನ ತುದಿ ಮಾತ್ರ ಕತ್ತರಿಸಿದ್ದಳು. ಒಣಗಲು ಇಟ್ಟ ಹಾಳೆಗಳ ಮೇಲೆ ನೊಣ ಕೂರದಿರಲಿ ಎಂದು ಮಂಚಕ್ಕೆ ಸೊಳ್ಳೆಪರದೆ ಕಟ್ಟಿದ್ದರು. ನಾವು ನೆಲದ ಮೇಲೆ ಮಲಗುತ್ತಿದ್ದೆವು, ಜಿಂಕೆಮರಿಗಳು ಸೊಳ್ಳೆಪರದೆಯೊಳಗೆ ಮಲಗುತ್ತಿದ್ದವು.

ನಾನು ಹೇಳಬೇಕೆಂದಿರುವುದು ಆಷಾಢದ ಒಂದು ದಿನದ ವಿಷಯ. ಅಂದು ಸಂಜೆಯ ಬಸ್ಸಿಗೆ ಮೇಷ್ಟ್ರು ಬರುವವರಿದ್ದರು. ಮರಿ ಹಳ್ಳ ಜಿಗಿಯುವ ಚಿತ್ರಗಳನ್ನು ಒಯ್ದು ಮಾರನೆಯ ದಿನದಿಂದ ಅವುಗಳ ಫೋಟೋ ತೆಗೆಯಬೇಕಾಗಿತ್ತು. ಬಾಡಿಗೆಗೆ ತಂದ ಕ್ಯಾಮೆರಾ ಎರಡೇ ದಿನ ಅವರ ಕೈಯಲ್ಲಿ ಇರುತ್ತಿತ್ತು. ಅದು ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿರಲಿಲ್ಲ. ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಬೆಳಿಗ್ಗೆ ಅಬ್ಬಾ ಶಾಯಿ ತರಲು ಪೇಟೆಗೆ ಹೋಗಿದ್ದರು. ಆಪಾ ಹಿತ್ತಲಲ್ಲಿ ಕುಂಚಗಳನ್ನು ತೊಳೆಯುತ್ತಿದ್ದಳು. ಬೀದಿಯಲ್ಲಿ ಗಾಳಿ ಕೆಂಪು ಧೂಳನ್ನು ಎತ್ತಿ ಎತ್ತಿ ಬಾಗಿಲಿಗೆ ಎರಚುತ್ತಿತ್ತು. ಮುಂದಿನ ಕೋಣೆಯ ಬಾಗಿಲು ತೆಗೆಯಬಾರದು ಎಂದು ನನಗೆ ಹೇಳಿದ್ದರು.

ನಾನು ತೆಗೆದೆ.

ನನಗೆ ಒಂದು ಆಟ ಗೊತ್ತಾಗಿತ್ತು. ಹಾಳೆಗಳ ಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಪಟಪಟನೆ ಬಿಟ್ಟರೆ ಮರಿ ಓಡುತ್ತಿತ್ತು. ಇನ್ನೂ ಶಾಯಿ ಹಾಕದ ಕಾಗದದ ಕಟ್ಟನ್ನು ಬೆಳಕಿಗೆಂದು ಜಗಲಿಗೆ ತಂದೆ. ಮರಿ ಜಿಗಿಯಿತು. ಇನ್ನೊಮ್ಮೆ ಬಿಟ್ಟೆ, ಇನ್ನೊಮ್ಮೆ ಜಿಗಿಯಿತು. ನೆಲಬಿಟ್ಟು ಗಾಳಿಯಲ್ಲಿ ತೇಲುವಾಗ ಅದು ಹೇಗಿರುತ್ತದೆ ಎಂದು ನೋಡುವ ಆಸೆಯಾಯಿತು. ಆ ಮೂರು ಹಾಳೆಗಳನ್ನು ಹೊರತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟು ಒಂದೊಂದರ ಮೇಲೆ ಒಂದೊಂದು ಕಲ್ಲು ಹೇರಿದೆ. ಉಳಿದ ಕಟ್ಟಿನ ಮೇಲೆ ನನ್ನ ಸ್ಲೇಟು ಇಟ್ಟೆ.

ಆಗಲೇ ಬೀದಿಯ ತುದಿಯಲ್ಲಿ ಬೊಂಬೆ ಮಿಠಾಯಿಯವನ ತಾಳದ ಸದ್ದು ಕೇಳಿತು. ಅವನ ಕೋಲಿನ ತುದಿಯಲ್ಲಿ ಸೀರೆ ಉಟ್ಟ ಒಂದು ಬೊಂಬೆ ಇರುತ್ತಿತ್ತು. ಅವನು ದಾರ ಎಳೆದಾಗಲೆಲ್ಲ ಅದು ಚಪ್ಪಾಳೆ ತಟ್ಟುತ್ತಿತ್ತು. ನಾನು ಓಡಿದೆ. ಮಿಠಾಯಿ ಕೊಳ್ಳಲಿಕ್ಕಲ್ಲ, ಬೊಂಬೆಯ ಚಪ್ಪಾಳೆ ನೋಡಲಿಕ್ಕೆ. ತಿರುಗಿ ಬಂದಾಗ ಎದುರು ಮನೆ ಅಜ್ಜಿಯ ಕಪ್ಪು ಮೇಕೆ ನಮ್ಮ ಜಗಲಿ ಹತ್ತಿ ನಿಂತಿತ್ತು. ಅದರ ಬಾಯಿಂದ ಒಂದು ಬಿಳಿ ಮೂಲೆ ಹೊರಗೆ ಕಾಣುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಆ ಮೂಲೆಯೂ ಒಳಗೆ ಹೋಯಿತು. ಮೂರು ಕಲ್ಲುಗಳು ಕೆಳಗೆ ಬಿದ್ದಿದ್ದವು.

ಉಳಿದ ಕಟ್ಟನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಅಡುಗೆಮನೆಗೆ ಹೋಗಿ ಅಮ್ಮಿಯ ಪಕ್ಕದಲ್ಲಿ ಕೂತುಬಿಟ್ಟೆ. ಯಾರೂ ಹೇಳದಿದ್ದರೂ ಬೆಳ್ಳುಳ್ಳಿ ಸುಲಿಯತೊಡಗಿದೆ. ಅಮ್ಮಿ ಒಮ್ಮೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಬಂದಿದೆಯೇನೋ ಎಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಅಬ್ಬಾ ಬಂದರು. ಮುಂದಿನ ಕೋಣೆಯಿಂದ ಹಾಳೆ ತಿರುವುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಅಬ್ಬಾ ಹೊರಬಂದು ಮೆಲ್ಲಗೆ ಕೇಳಿದರು: "ನಲವತ್ತಾರು ಇದೆ, ಐವತ್ತು ಇದೆ. ನಡುವಿನ ಮೂರು ಎಲ್ಲಿ?"

ಅವರು ಬೈದಿದ್ದರೆ ನಾನು ಸುಳ್ಳು ಹೇಳುತ್ತಿದ್ದೆನೋ ಏನೋ. ಮೆಲ್ಲಗೆ ಕೇಳಿದ್ದರಿಂದ ಅಳು ಬಂತು. ಎಲ್ಲ ಹೇಳಿದೆ. ಅಬ್ಬಾ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತರು. ಬೆಂಗಳೂರಿಗೆ ಹೇಳಿಕಳಿಸಲು ಹೊತ್ತಿರಲಿಲ್ಲ. ಬೋರ್ಡಿನ ಕೆಲಸದಲ್ಲಿ ಒಂದು ದಿನವೂ ಮಾತು ತಪ್ಪಿದವರಲ್ಲ ಅವರು.

ಹಿತ್ತಲ ಬಾಗಿಲಲ್ಲಿ ಆಪಾ ಒದ್ದೆ ಕುಂಚಗಳನ್ನು ಹಿಡಿದು ನಿಂತಿದ್ದಳು.

"ಅಬ್ಬಾ, ಆ ಮೂರು ನಾನು ಬರೀಲಾ?"

ನಮ್ಮ ಮನೆಯ ಮಾತು ಉರ್ದು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನೀನಾ? ಬಣ್ಣ ತುಂಬೋದು ಬೇರೆ, ಗೀಟು ಎಳೆಯೋದು ಬೇರೆ ಮಗಳೇ."

"ಗೊತ್ತು. ಆದ್ರೆ ಈ ಮರಿಗೆ ಇಷ್ಟು ತಿಂಗಳು ಬಣ್ಣ ಹಾಕಿರೋಳು ನಾನೇ ಅಲ್ವಾ? ಅದರ ಮೈ ನನಗೆ ಗೊತ್ತು."

ಅಬ್ಬಾ ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆಪಾ ಅಷ್ಟನ್ನೇ ಒಪ್ಪಿಗೆ ಎಂದುಕೊಂಡಳು.

ಹಾಳೆಗಳು ಅಲುಗಾಡದಂತೆ ಹಿಡಿಯಲು ಎರಡು ಗೂಟಗಳಿದ್ದ ಒಂದು ಗಾಜಿನ ಹಲಗೆ ಇತ್ತು. ಅದರ ಕೆಳಗೆ ಬಲ್ಬು. ಅಂದು ಕರೆಂಟು ಇರಲಿಲ್ಲ. ಆಪಾ ಹಲಗೆಯನ್ನು ಎತ್ತಿ ಕಿಟಕಿಗೆ ಆನಿಸಿ, ಬಿಸಿಲನ್ನೇ ಬಲ್ಬು ಮಾಡಿಕೊಂಡಳು. ನಲವತ್ತಾರನೆಯದನ್ನೂ ಐವತ್ತನೆಯದನ್ನೂ ಹಿಂದೆ ಇಟ್ಟು ಮೇಲೊಂದು ಬಿಳಿ ಹಾಳೆ ಹಾಕಿ ನಡುವಿನ ಮರಿಯನ್ನು ಬರೆದಳು. ಹಾಳೆ ತಿರುವಿ ನೋಡಿದರೆ ಮರಿ ಜಿಗಿಯಲೇ ಇಲ್ಲ. ಯಾರೋ ಅದನ್ನು ಹಗ್ಗಕ್ಕೆ ಕಟ್ಟಿ ಆಚೆಯಿಂದ ಈಚೆಗೆ ಎಳೆದಂತಿತ್ತು. ಅಳಿಸಿದಳು, ಮತ್ತೆ ಬರೆದಳು. ಮತ್ತೆ ಹಗ್ಗ. ನಾಲ್ಕನೆಯ ಸಲ ಪೆನ್ಸಿಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಹೋಗು, ಆ ಮೇಕೆ ಹಿಡ್ಕೊಂಡು ಬಾ."

ಎದುರು ಮನೆಯ ಅಜ್ಜಿ ತನ್ನ ಮೇಕೆಯ ಹೊಟ್ಟೆ ಸವರುತ್ತ ಕೂತಿದ್ದಳು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು. "ನನ್ ಮೇಕೆಗೆ ಕಾಗ್ದ ತಿನ್ನುಸ್ಬುಟ್ಟು ಈಗ ಅದುನ್ನೇ ಕರ್ಕಂಡು ಬಾ ಅಂತೀರಾ? ಹೊಟ್ಟೆ ನೋವು ಬಂದ್ರೆ ಹೆಂಗೆ ಕಣಮ್ಮ?" ಎಂದು ನನ್ನನ್ನೇ ಗದರಿದಳು. ಆದರೆ ನನ್ನ ಮುಖ ನೋಡಿ ಏನನ್ನಿಸಿತೋ, ಹಗ್ಗ ಬಿಚ್ಚಿಕೊಂಡು ತಾನೂ ಬಂದಳು. ಒಂದು ಡಬ್ಬದ ತುಂಬ ಒಣಗಿದ ಜಾಲಿಕಾಯಿಯನ್ನೂ ತಂದಳು. ಮೇಕೆಗಳಿಗೆ ಜಾಲಿಕಾಯಿ ಎಂದರೆ ಪ್ರಾಣ.

ಬೀದಿಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಅಬ್ಬಾನ ಬೋರ್ಡು ಹಲಗೆಯೊಂದನ್ನು ಅಡ್ಡ ನಿಲ್ಲಿಸಿದೆವು. ಈ ಕಡೆ ಅಜ್ಜಿ ಮೇಕೆ ಹಿಡಿದು ನಿಂತಳು. ಆ ಕಡೆ ನಾನು ಡಬ್ಬ ಅಲ್ಲಾಡಿಸಿದೆ. ಗಲಗಲ ಸದ್ದು ಕೇಳಿದ್ದೇ ಮೇಕೆ ಹಾರಿ ಬಂತು. ಒಂದು ಕಾಯಿ ಕೊಟ್ಟೆ. ಅಜ್ಜಿ ಮತ್ತೆ ಎಳೆದುಕೊಂಡು ಹೋದಳು, ನಾನು ಮತ್ತೆ ಅಲ್ಲಾಡಿಸಿದೆ, ಮೇಕೆ ಮತ್ತೆ ಹಾರಿತು.

ಆಪಾ ಮೊದಲು ಹೊಸ್ತಿಲ ಮೇಲೆ ಕೂತು ನೋಡಿದಳು. ಆಮೇಲೆ ಜಗಲಿಗೆ ಬಂದಳು. ಕೊನೆಗೆ ಬೀದಿಗೇ ಇಳಿದು, ಹಲಗೆಯ ಪಕ್ಕ ಆ ಕೆಂಪು ಧೂಳಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಗಲ್ಲವನ್ನು ನೆಲಕ್ಕೆ ತಾಗಿಸಿ ಮೇಕೆಯ ಕಾಲುಗಳನ್ನೇ ದಿಟ್ಟಿಸಿದಳು. ತಲೆಯ ಮೇಲಿನ ದುಪಟ್ಟಾ ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

"ಏನ್ ಹುಡ್ಗಿ ಕಣಪ್ಪ, ಮೇಕೆ ಮುಂದೆ ಬೋರಲು ಮಲಗವ್ಳೆ!" ಎಂದು ಅಜ್ಜಿ ಬಾಗಿಲ ಕಡೆ ನೋಡಿ ಕೂಗಿದಳು. ಬಾಗಿಲಲ್ಲಿ ಅಬ್ಬಾ ನಿಂತಿದ್ದರು. ಈಗ ಖಂಡಿತ ಬೈಯುತ್ತಾರೆ ಎಂದುಕೊಂಡೆ. ಅಬ್ಬಾ ಕೆಳಗಿಳಿದು ಬಂದರು. ಗಾಳಿಗೆ ಹಲಗೆ ಅಲ್ಲಾಡುತ್ತಿತ್ತು. ಅದರ ಒಂದು ಬದಿಯನ್ನು ಗಟ್ಟಿಯಾಗಿ ಹಿಡಿದು ಕೂತು, "ಹೂಂ, ಇನ್ನೊಂದು ಸಲ ಬಿಡವ್ವ" ಎಂದು ಅಜ್ಜಿಗೆ ಹೇಳಿದರು.

ಎಷ್ಟು ಸಲ ಹಾರಿಸಿದೆವೋ ಲೆಕ್ಕವಿಲ್ಲ. ಡಬ್ಬ ಖಾಲಿಯಾದ ಮೇಲೆ ಮೇಕೆ ಮಲಗಿಬಿಟ್ಟಿತು. ಆಪಾ ಎದ್ದು ಮೈ ಕೊಡವಿಕೊಂಡು ನನಗೆ ಹೇಳಿದಳು: "ಅದು ಮೇಲಕ್ಕೆ ಹಾರೋಕೆ ಮುಂಚೆ ಕೆಳಕ್ಕೆ ಕುಗ್ತದೆ, ನೋಡಿದೆಯಾ? ಮತ್ತೆ ಕಿವಿ! ಕಿವಿ ಎಲ್ಲಕ್ಕಿಂತ ತಡವಾಗಿ ಬರ್ತದೆ."

ಮತ್ತೆ ಕಿಟಕಿಯ ಹತ್ತಿರ ನಿಂತು ಬರೆದಳು. ನಲವತ್ತೇಳರಲ್ಲಿ ಮರಿಯ ಹಿಂಗಾಲು ಉದ್ದಕ್ಕೆ ಚಾಚಿ, ಕಿವಿ ಬೆನ್ನಿಗೆ ಅಂಟಿದ್ದವು. ನಲವತ್ತೆಂಟರಲ್ಲಿ ಮುಂಗಾಲು ಎದೆಗೆ ಮಡಚಿತ್ತು. ನಲವತ್ತೊಂಬತ್ತರಲ್ಲಿ ಮೈ ಆಗಲೇ ಇಳಿಯುತ್ತಿತ್ತು, ಕಿವಿಗಳು ಮಾತ್ರ ಇನ್ನೂ ಮೇಲಕ್ಕೆ ನಿಂತಿದ್ದವು. ಅಬ್ಬಾ ಹಾಳೆಗಳನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಬಿಟ್ಟರು. ಮರಿ ಹಳ್ಳ ದಾಟಿತು. ಅವರು ಶಾಯಿಯ ಬಾಟಲಿಯ ಮುಚ್ಚಳ ತೆಗೆದರು.

ಸಂಜೆ ಮೇಷ್ಟ್ರು ತಗಡಿನ ಪೆಟ್ಟಿಗೆ ಹಿಡಿದು ಬಂದಾಗ ಕೊನೆಯ ಹಾಳೆಯ ಬಣ್ಣ ಇನ್ನೂ ಒಣಗುತ್ತಿತ್ತು. ಅಬ್ಬಾ ಅವರಿಗೆ ಚಹಾ ಕೊಡುವ ಮುಂಚೆಯೇ ವಿಷಯ ಹೇಳಿದರು. "ಮೇಷ್ಟ್ರೇ, ನಿಮ್ಮ ಮೂರು ಕಾಗದ ನಮ್ಮ ಮನೇಲಿ ಹಾಳಾದ್ವು. ತಪ್ಪು ನಮ್ದು. ಆ ಮೂರು ನನ್ನ ದೊಡ್ಡ ಮಗಳು ಬರೆದವ್ಳೆ. ನೋಡಿ, ಬ್ಯಾಡ ಅಂದ್ರೆ ಬ್ಯಾಡ."

ನಾನು ಅಮ್ಮಿಯ ಸೆರಗಿನ ಹಿಂದೆ ನಿಂತಿದ್ದೆ. ಆಪಾ ಬಾಗಿಲ ಪರದೆಯ ಹಿಂದೆ. ಮೇಷ್ಟ್ರು ಕಟ್ಟನ್ನು ತೆಗೆದುಕೊಂಡು ಪಟಪಟನೆ ಬಿಟ್ಟರು. ಕನ್ನಡಕ ಒರೆಸಿಕೊಂಡರು. ಇನ್ನೊಮ್ಮೆ ಬಿಟ್ಟರು. ನಲವತ್ತೊಂಬತ್ತನ್ನು ಹೊರತೆಗೆದು ಬೆಳಕಿಗೆ ಹಿಡಿದರು.

"ಇದ್ಯಾಕೆ ಕಿವಿ ಹಿಂಗೈತೆ?"

ಪರದೆಯ ಹಿಂದಿನಿಂದ ಆಪಾನ ದನಿ ಬಂತು. "ಕಿವಿಗೆ ಮೂಳೆ ಇಲ್ಲ ಸಾರ್. ಮೈ ಇಳಿದ ಮ್ಯಾಲೆ ಅವು ಇಳೀತವೆ. ಮೇಕೆ ಹಾರಿಸಿ ನೋಡ್ದೆ."

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ತಾವು ಬರೆದ ಹಳೆಯ ಕಟ್ಟೊಂದನ್ನು ತೆಗೆದು ಬಿಟ್ಟು ನೋಡಿದರು. ಮೇಲೆ ಹೋಗುವಾಗಲೂ ಕೆಳಗೆ ಬರುವಾಗಲೂ ಅದರ ಕಿವಿಗಳು ಒಂದೇ ರೀತಿ ನಿಂತಿದ್ದವು. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ಇಷ್ಟು ದಿನ ನನ್ನ ಮರಿ ಕಟ್ಟಿಗೆ ಕಿವಿ ಇಟ್ಕಂಡು ಓಡೈತಲ್ಲ ಸಾಹೇಬ್ರೇ!" ನಗು ನಿಂತ ಮೇಲೆ ಬೇರೆಯೇ ದನಿಯಲ್ಲಿ ಹೇಳಿದರು: "ಅದನ್ನೆಲ್ಲ ತಿದ್ದೋಕೆ ಈಗ ಆಗಲ್ಲ. ಆದ್ರೆ ಕೊನೇ ದೃಶ್ಯ, ತಾಯಿ ಬರೋದು, ಅದನ್ನ ನಾನಿನ್ನೂ ಬರೆದಿಲ್ಲ. ನಿಮ್ಮ ಮಗಳು ಬರೀತಾಳಾ?"

ಪರದೆ ಅಲ್ಲಾಡಿತು. ಆಗ ಆಪಾನ ಮದುವೆಯ ಮಾತು ನಡೆಯುತ್ತಿತ್ತು. ಹೆಣ್ಣುಮಗಳು ಸಿನಿಮಾಕ್ಕೆ ಕೆಲಸ ಮಾಡುತ್ತಾಳೆ ಎಂದರೆ ಬೀದಿಯವರು ಏನನ್ನುತ್ತಾರೋ ಎಂದು ಅಮ್ಮಿಯ ಕಣ್ಣುಗಳು ಕೇಳುತ್ತಿದ್ದವು. ಅಬ್ಬಾ ಆ ಕಣ್ಣುಗಳನ್ನೂ ನೋಡಿದರು, ಮೇಜಿನ ಮೇಲಿನ ನಲವತ್ತೊಂಬತ್ತನ್ನೂ ನೋಡಿದರು.

"ಬರೀತಾಳೆ," ಎಂದರು. "ನನ್ನ ಹಲಗೆ ಮೇಲೇ ಬರೀತಾಳೆ. ನಾನು ಬಣ್ಣ ತುಂಬ್ತೀನಿ."

ಮುಂದಿನ ಬೇಸಿಗೆಯಲ್ಲಿ ಮೇಷ್ಟ್ರು ಒಂದು ಪುಟ್ಟ ಪ್ರೊಜೆಕ್ಟರು ತಂದು ನಮ್ಮ ಶಾಲೆಯ ಹಾಲಿನಲ್ಲಿ ಸಿನಿಮಾ ತೋರಿಸಿದರು. ಮಟಮಟ ಮಧ್ಯಾಹ್ನ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಒಳಗೆ ಬೆವರಿನ ವಾಸನೆ, ಕುರಿಯುಣ್ಣೆಯ ವಾಸನೆ. ಯಂತ್ರ ಕರಕರ ಎನ್ನತೊಡಗಿತು. ಗೋಡೆಯ ಬಿಳಿ ಬೆಡ್‌ಶೀಟಿನ ಮೇಲೆ ಮೈದಾನ ಬಂತು, ದೂರದಲ್ಲಿ ಮಧುಗಿರಿ ಬೆಟ್ಟ ಬಂತು, ನಮ್ಮ ಮನೆಯ ಸೊಳ್ಳೆಪರದೆಯೊಳಗೆ ಮಲಗುತ್ತಿದ್ದ ಮರಿ ಎದ್ದು ಓಡಿತು. ಹಳ್ಳ ಹತ್ತಿರವಾಯಿತು. ನಾನು ಆಪಾನ ಕೈ ಹಿಡಿದುಕೊಂಡೆ. ಮರಿ ಜಿಗಿಯಿತು, ಇಳಿಯಿತು. ಅಷ್ಟೇ. ಒಂದು ಸೆಕೆಂಡಿನ ಕಾಲು ಭಾಗ. ಬೆಳಗಿನಿಂದ ಸಂಜೆಯವರೆಗಿನ ನಮ್ಮ ಆ ದಿನವೆಲ್ಲ ಅಷ್ಟರಲ್ಲಿ ಮುಗಿದಿತ್ತು. ಹಾಲಿನ ಹಿಂದಿನಿಂದ ಎದುರು ಮನೆಯ ಅಜ್ಜಿ ಮಾತ್ರ ಕೂಗಿದಳು: "ಲೇ, ಅದು ನನ್ ಮೇಕೆ ಹಾರೋ ಹಂಗೇ ಐತೆ ಕಣ್ರಲಾ!"

ಕೊನೆಯ ದೃಶ್ಯ ಬಂತು. ಬೆಟ್ಟದ ಬುಡದಲ್ಲಿ ನಿಂತ ಮರಿ ಇನ್ನೂ ತಿರುಗಿರಲಿಲ್ಲ. ಅದರ ಒಂದು ಕಿವಿ ಮಾತ್ರ ಹಿಂದಕ್ಕೆ ಹೊರಳಿತು. ಆಮೇಲೆ ಕತ್ತು, ಆಮೇಲೆ ಮೈ. ತಾಯಿ ಬಂದು ಅದರ ಹಣೆ ನೆಕ್ಕಿತು. ಆಮೇಲೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಆ ಅಕ್ಷರಗಳ ಬಾಗು ನೋಡಿದ್ದೇ ನನಗೆ ಗೊತ್ತಾಯಿತು, ಅವನ್ನು ಬರೆದವರು ಅಬ್ಬಾ. ಮನೆಯಲ್ಲಿ ಯಾರಿಗೂ ಹೇಳದೆ ಬರೆದುಕೊಟ್ಟಿದ್ದರು. 'ಚಿತ್ರ ಬರೆದವರು' ಎಂಬಲ್ಲಿ ಮೇಷ್ಟ್ರ ಹೆಸರಿನ ಜೊತೆಗೆ ಅಷ್ಟೇ ದೊಡ್ಡದಾಗಿ ಆಪಾನ ಹೆಸರಿತ್ತು. ತಮ್ಮ ಹೆಸರನ್ನು ಅಬ್ಬಾ ಕೆಳಗೆ, 'ಬಣ್ಣ ತುಂಬಿದವರು' ಎಂಬಲ್ಲಿ ಸಣ್ಣದಾಗಿ ಬರೆದುಕೊಂಡಿದ್ದರು. ಆಪಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ನಾನು ತಿರುಗಿ ನೋಡಿದೆ. ಅಬ್ಬಾ ಬಾಗಿಲ ಬಳಿ ನಿಂತು, ಸಿನಿಮಾ ಬಿಟ್ಟು ಮಗಳ ಬೆನ್ನನ್ನೇ ನೋಡುತ್ತಿದ್ದರು.

ಮೇಷ್ಟ್ರು ಮತ್ತೆ ಎರಡು ಸಿನಿಮಾ ಮಾಡಿದರು. ಎರಡಕ್ಕೂ ಆಪಾ ನಮ್ಮ ಮನೆಯ ಕಿಟಕಿಯ ಬಳಿ ಕೂತೇ ಚಿತ್ರ ಬರೆದಳು. ಮದುವೆಯಾಗಿ ಪಾವಗಡಕ್ಕೆ ಹೋದ ಮೇಲೆ ಓಣಿಯ ಮಕ್ಕಳಿಗೆ ಚಿತ್ರ ಕಲಿಸಿದಳು. ತೆಲುಗು, ಕನ್ನಡ, ಉರ್ದು ಎಲ್ಲ ಕಲಸಿ ಮಾತಾಡುವ ಮಕ್ಕಳು. ಅವಳು ಮೊದಲ ದಿನವೇ ಅವರನ್ನು ಹೊರಗೆ ಕಳಿಸಿ ನಾಯಿ, ಕೋಳಿ, ಕರು ಹೇಗೆ ನಡೆಯುತ್ತವೆ ನೋಡಿಕೊಂಡು ಬನ್ನಿ ಎನ್ನುತ್ತಿದ್ದಳು.

ಈಗ ನನ್ನ ಮೊಮ್ಮಕ್ಕಳ ಕೈಯಲ್ಲಿ ಫೋನಿದೆ. ಅದರೊಳಗೆ ಎಷ್ಟೊಂದು ಬಣ್ಣದ ಪ್ರಾಣಿಗಳು ಓಡುತ್ತವೆ, ಹಾಡುತ್ತವೆ, ಮಾತಾಡುತ್ತವೆ! ನನಗೂ ಇಷ್ಟವೇ. ಅವರ ಪಕ್ಕದಲ್ಲಿ ಕೂತು ನಾನೂ ನೋಡುತ್ತೇನೆ. ಅವರು ಬೆರಳಿಟ್ಟರೆ ಚಿತ್ರ ನಿಲ್ಲುತ್ತದೆ, ಎಳೆದರೆ ಹಿಂದಕ್ಕೆ ಓಡುತ್ತದೆ. ಊಟಕ್ಕೆ ಕರೆದರೆ ಅರ್ಧಕ್ಕೇ ಬಿಟ್ಟು ಬರುತ್ತಾರೆ, ಕೈ ತೊಳೆದುಕೊಂಡು ಹೋದರೆ ಅದು ಅಲ್ಲೇ ಕಾದಿರುತ್ತದೆ.

ಮೊನ್ನೆ ಮೊಮ್ಮಗಳು ನಮ್ಮ ಜಿಂಕೆಮರಿಯ ಸಿನಿಮಾವನ್ನು ಫೋನಿನಲ್ಲಿ ಹುಡುಕಿದಳು. ಹೇಗೆ ಹೇಗೋ ಬರೆದು ನೋಡಿದಳು. ಸಿಗಲಿಲ್ಲ. ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು. ಆ ರೀಲು ಯಾರ ಅಟ್ಟದಲ್ಲಿದೆಯೋ, ಇದೆಯೋ ಇಲ್ಲವೋ.

"ನಾನಿ, ನೀವು ಅದನ್ನ ಎಷ್ಟು ಸಲ ನೋಡಿದ್ರಿ?" ಎಂದು ಕೇಳಿದಳು.

"ಒಂದೇ ಸಲ."

"ಒಂದೇ ಸಲಾನಾ? ಮತ್ತೆ ಕಿವಿ ತಿರುಗಿಸಿದ್ದೆಲ್ಲ ಹೆಂಗೆ ನೆನಪೈತೆ?"

"ಇನ್ನೊಂದು ಸಲ ನೋಡೋಕೆ ಸಿಗಲ್ಲ ಅಂತ ಗೊತ್ತಿತ್ತು ಕಣಮ್ಮ," ಎಂದೆ. "ಅದಕ್ಕೇ ಆ ಹತ್ತು ನಿಮಿಷ ನಾನು ಕಣ್ಣು ಮಿಟುಕಿಸಲೇ ಇಲ್ಲ."